ಕೆಲಸ ಬಿಟ್ಟವನ ಕೂಲಿಯೂ ಕಾಯಕತತ್ತ್ವವೂ

ಕಾಯಕವೆಂಬ ಮಾತನ್ನು ನಾವು ದಿನವೂ ಕೇಳುತ್ತೇವೆ, ದಿನವೂ ಆಡುತ್ತೇವೆ. ದುಡಿಯುವವನು ಹೇಗೆ ದುಡಿಯಬೇಕು ಎಂಬುದನ್ನು ಶರಣರ ಉಪದೇಶದ ಬೆಳಕಿನಲ್ಲಿ ವಿವರಿಸುವ ಉಪನ್ಯಾಸಗಳಿಗೂ ಲೇಖನಗಳಿಗೂ ಲೆಕ್ಕವಿಲ್ಲ. ಆದರೆ ದುಡಿಸಿಕೊಂಡವನು ಹೇಗೆ ನಡೆದುಕೊಳ್ಳಬೇಕು, ವಿಶೇಷವಾಗಿ ದುಡಿದವನು ಕೆಲಸವನ್ನು ಬಿಟ್ಟು ಹೊರಟು ನಿಂತಾಗ ಅವನ ಲೆಕ್ಕವನ್ನು ಹೇಗೆ ತೀರಿಸಬೇಕು ಎಂಬ ಪ್ರಶ್ನೆಯನ್ನು ಎತ್ತುವವರು ವಿರಳ. ಇದು ಹಣಕಾಸಿನ ಕಚೇರಿಗೆ ಸೇರಿದ ವಿಷಯ, ಧರ್ಮಜಿಜ್ಞಾಸೆಗೆ ಸೇರಿದ್ದಲ್ಲ ಎಂದು ಕೆಲವರು ಎಣಿಸಬಹುದು. ವಾಸ್ತವವಾಗಿ ಇದು ಕಾಯಕತತ್ತ್ವದ ಹೊಸ್ತಿಲಲ್ಲಿಯೇ ನಿಂತಿರುವ ಪ್ರಶ್ನೆಯೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಬೆಂಗಳೂರಿನ ಪೂರ್ವಭಾಗದ ಸಿ.ವಿ. ರಾಮನ್ ನಗರವನ್ನು ನಿದರ್ಶನಕ್ಕಾಗಿ ತೆಗೆದುಕೊಳ್ಳೋಣ. ರಕ್ಷಣಾ ಸಂಶೋಧನೆಯ ಪ್ರಯೋಗಾಲಯಗಳು ಅಲ್ಲಿವೆ. ಬಾಗ್ಮನೆ ಟೆಕ್ ಪಾರ್ಕಿನ ಎತ್ತರವಾದ ಕಟ್ಟಡಗಳಿವೆ. ಇವುಗಳನ್ನು ನೆಚ್ಚಿಕೊಂಡು ಕಗ್ಗದಾಸಪುರ, ಬೈರಸಂದ್ರ, ನಾಗವಾರಪಾಳ್ಯಗಳಲ್ಲಿ ಬೆಳೆದ ಹೋಟೆಲು, ಅಂಗಡಿ, ಶಾಲೆ, ಆಸ್ಪತ್ರೆ, ಬಾಡಿಗೆಯ ವಸತಿಗಳಿವೆ. ಗಣಕಯಂತ್ರದ ಮುಂದೆ ಕುಳಿತ ಇಂಜಿನಿಯರನಿಂದ ಹಿಡಿದು ಬಾಗಿಲು ಕಾಯುವವನು, ನೆಲ ಒರೆಸುವವಳು, ವಾಹನ ನಡೆಸುವವನು, ಅಡುಗೆಯವನು ಇವರೆಲ್ಲರೂ ಅಲ್ಲಿ ಒಂದೇ ಬೀದಿಯಲ್ಲಿ ನಡೆದು ಕೆಲಸಕ್ಕೆ ಹೋಗುತ್ತಾರೆ. ಅಲ್ಲಿಗೆ ಅನತಿದೂರದ ಬೈಯಪ್ಪನಹಳ್ಳಿಯಲ್ಲಿ ಒಂದು ಕಾಲಕ್ಕೆ ಎನ್.ಜಿ.ಇ.ಎಫ್. ಎಂಬ ದೊಡ್ಡ ವಿದ್ಯುದುಪಕರಣಗಳ ಕಾರ್ಖಾನೆಯಿತ್ತು. ಅಂತಹ ಕಾರ್ಖಾನೆಯನ್ನು ಸೇರಿದವನು ಅಲ್ಲಿಯೇ ನಿವೃತ್ತನಾಗುವನೆಂಬುದು ಆ ಕಾಲದ ನಂಬಿಕೆ. ಅದರ ಬಾಗಿಲು ಮುಚ್ಚಿ ಎರಡು ದಶಕಗಳಿಗೂ ಮೇಲಾಯಿತು. ಆ ನಂಬಿಕೆಯೂ ಅದರೊಡನೆಯೇ ಹೋಯಿತು. ಇಂದು ಎರಡು ಮೂರು ವರ್ಷಗಳಿಗೊಮ್ಮೆ ಕೆಲಸವನ್ನು ಬದಲಿಸುವುದು ಲೋಕರೂಢಿಯಾಗಿದೆ. ಆದುದರಿಂದ ಕೆಲಸ ಬಿಡುವ ದಿನವೆಂಬುದು ಹಿಂದೆ ಒಬ್ಬನ ಬಾಳಿನಲ್ಲಿ ಒಮ್ಮೆ ಬರುತ್ತಿದ್ದರೆ, ಈಗ ಹಲವು ಬಾರಿ ಬರುತ್ತದೆ.

ಅಂತಹ ದಿನವನ್ನು ಕಂಡ ಒಬ್ಬ ಯುವಕನನ್ನು ಊಹಿಸಿಕೊಳ್ಳೋಣ. ನಮ್ಮಂತಹ ಊರಿನ ಶಾಲೆಯಲ್ಲಿ ಓದಿ, ಬೆಂಗಳೂರನ್ನು ಸೇರಿ, ಆ ನಗರದ ಒಂದು ಸಂಸ್ಥೆಯಲ್ಲಿ ಮೂರು ವರ್ಷ ಲೆಕ್ಕಪತ್ರದ ಕೆಲಸ ಮಾಡಿದ್ದಾನೆ. ಊರಿನಲ್ಲಿ ತಂದೆತಾಯಿಗಳಿದ್ದಾರೆ, ತಂಗಿಯ ಓದಿನ ಖರ್ಚಿದೆ. ಬೇರೆಡೆ ಸ್ವಲ್ಪ ಹೆಚ್ಚಿನ ಸಂಬಳ ದೊರೆಯುವುದೆಂದು ರಾಜೀನಾಮೆ ಕೊಟ್ಟು, ಒಪ್ಪಂದದಂತೆ ಮುನ್ಸೂಚನೆಯ ಅವಧಿಯನ್ನು ದುಡಿದು, ಕೆಲಸವನ್ನು ಮತ್ತೊಬ್ಬನಿಗೆ ಒಪ್ಪಿಸಿ ಹೊರಟಿದ್ದಾನೆ. ಅವನಿಗೆ ಕೊನೆಯ ತಿಂಗಳ ಸಂಬಳ ಬರಬೇಕು. ಬಳಸದೆ ಉಳಿದ ರಜೆಯ ಹಣ ಬರಬೇಕು. ಕೆಲಸದ ನಿಮಿತ್ತ ಕೈಯಿಂದ ಹಾಕಿದ ಖರ್ಚು ಬರಬೇಕು. ಸೇವಾನುಭವದ ಪತ್ರ ಬರಬೇಕು. ವಾರಗಳು ಕಳೆಯುತ್ತವೆ. ಮೊದಲು “ಲೆಕ್ಕ ನಡೆಯುತ್ತಿದೆ” ಎಂಬ ಉತ್ತರ. ಬಳಿಕ “ಸಹಿಯಾಗಬೇಕು” ಎಂಬ ಉತ್ತರ. ಆ ಬಳಿಕ ಉತ್ತರವೇ ಇಲ್ಲ. ಕೋಣೆಯ ಬಾಡಿಗೆಗೆ ಅವನು ಸಾಲ ಮಾಡುತ್ತಾನೆ. ನಿನ್ನೆಯವರೆಗೂ ಅವನ ಹೆಸರು ಹಿಡಿದು ಕರೆಯುತ್ತಿದ್ದವರು ಇಂದು ದೂರವಾಣಿಯನ್ನು ಎತ್ತಿಕೊಳ್ಳುವುದಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಈ ಗಾದೆಯು ಲೋಕದ ಕೃತಘ್ನತೆಯನ್ನು ತೋರಿಸುತ್ತದೆಯೇ ಹೊರತು ಅದನ್ನು ಸಮರ್ಥಿಸುವುದಿಲ್ಲ. ದಡ ಮುಟ್ಟಿದ ಕೂಡಲೇ ಅಂಬಿಗನ ಹುಟ್ಟಿನ ಶ್ರಮವು ಇಲ್ಲದಂತಾಗುವುದೆ? ದೋಣಿಯಲ್ಲಿ ಕುಳಿತವನು ಇಳಿದುಹೋದನು. ನೀರಿನ ಮೇಲೆ ಅವನನ್ನು ಸಾಗಿಸಿದ ತೋಳಿನ ದಣಿವು ಉಳಿಯಿತು. ಕೂಲಿಯು ಆ ದಣಿವಿಗೆ ಸಲ್ಲತಕ್ಕದ್ದು.

ಕೊನೆಯ ಲೆಕ್ಕವನ್ನು ತಡೆಯುವವರು ಸಾಮಾನ್ಯವಾಗಿ ಕೆಲವು ವಾದಗಳನ್ನು ಮುಂದಿಡುತ್ತಾರೆ. ಶಾಸ್ತ್ರದ ಪದ್ಧತಿಯಂತೆ ಪೂರ್ವಪಕ್ಷವನ್ನು ಮೊದಲು ನ್ಯಾಯವಾಗಿ ಹೇಳಿ, ಅನಂತರ ಸಿದ್ಧಾಂತವನ್ನು ನಿರ್ಣಯಿಸುವುದು ಯುಕ್ತ.

ಒಂದನೆಯ ವಾದ: ಉಪ್ಪುಂಡ ಮನೆಗೆ ಎರಡು ಬಗೆಯಬಾರದು. ನಾವು ಕೆಲಸ ಕಲಿಸಿದೆವು, ಅನ್ನ ಕೊಟ್ಟೆವು. ಅವನು ಹೆಚ್ಚಿನ ಆಸೆಗೆ ಬಿಟ್ಟುಹೋದನು. ಅವನಿಗೆ ನಾವೇಕೆ ಅವಸರದಿಂದ ಹಣ ಕೊಡಬೇಕು? ಎರಡನೆಯ ವಾದ: ಅವನು ನಡುವೆ ಬಿಟ್ಟುಹೋದುದರಿಂದ ನಮಗೆ ನಷ್ಟವಾಯಿತು, ಆ ನಷ್ಟವನ್ನು ಅವನ ಸಂಬಳದಲ್ಲಿ ಹಿಡಿದುಕೊಳ್ಳುವುದು ನ್ಯಾಯವೇ. ಮೂರನೆಯ ವಾದ: ನಮಗೂ ಬರಬೇಕಾದ ಹಣ ಬಂದಿಲ್ಲ; ಇರುವವರಿಗೆ ಮೊದಲು ಕೊಟ್ಟು, ಹೋದವರಿಗೆ ಆಮೇಲೆ ಕೊಡುತ್ತೇವೆ. ನಾಲ್ಕನೆಯ ವಾದವು ದುಡಿದವನ ಕಿವಿಯಲ್ಲಿ ಹೇಳುವಂತಹುದು: ಶರಣಮಾರ್ಗದವನಿಗೆ ಹಣದ ಬೆನ್ನು ಹತ್ತುವ ಆಸೆ ತರವೆ? ಹೋದುದು ಹೋಯಿತೆಂದು ಬಿಟ್ಟುಬಿಡಬಾರದೆ?

ಇವುಗಳಲ್ಲಿ ಮೊದಲನೆಯದನ್ನು ವಿಚಾರಿಸೋಣ. ಕೆಲಸವನ್ನು ಬಿಡುವುದೇ ಕೃತಘ್ನತೆಯೆಂಬುದು ಸರಿಯಲ್ಲ. ಆ ನಗರವು ಯಾರ ಹೆಸರನ್ನು ಹೊತ್ತಿದೆಯೋ ಆ ಸರ್ ಚಂದ್ರಶೇಖರ ವೆಂಕಟ ರಾಮನ್ನರೇ ಕೆಲಸವನ್ನು ಬಿಟ್ಟವರು. ೧೯೦೭ರಲ್ಲಿ ಸರ್ಕಾರದ ಹಣಕಾಸು ಇಲಾಖೆಯನ್ನು ಸೇರಿ ಕಲ್ಕತ್ತೆಯಲ್ಲಿ ಉನ್ನತ ಅಧಿಕಾರಿಯಾಗಿದ್ದ ಅವರು, ೧೯೧೭ರಲ್ಲಿ ಅದನ್ನು ತ್ಯಜಿಸಿ, ಕಡಿಮೆ ಸಂಬಳಕ್ಕೆ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಅವರು ಹಾಗೆ ಬಿಡದೆ ಇದ್ದಿದ್ದರೆ ೧೯೩೦ರ ನೊಬೆಲ್ ಪಾರಿತೋಷಕವು ಈ ದೇಶಕ್ಕೆ ಬರುತ್ತಿತ್ತೆಂದು ಯಾರು ಹೇಳಬಲ್ಲರು? ಅವರು ಬಿಟ್ಟದ್ದು ವಿದ್ಯೆಗಾಗಿ, ನಮ್ಮ ಯುವಕನು ಬಿಟ್ಟದ್ದು ತಂಗಿಯ ಓದಿಗಾಗಿ, ಕಾರಣಗಳು ಬೇರೆ. ಆದರೆ ಇಬ್ಬರ ವಿಷಯದಲ್ಲಿಯೂ ಒಂದು ಮಾತು ಸಮಾನ: ಬಿಡುವ ದಿನದವರೆಗೆ ಮಾಡಿದ ಕೆಲಸವು ಬಿಟ್ಟ ಮಾತ್ರಕ್ಕೆ ಮಾಡದಂತಾಗುವುದಿಲ್ಲ. ಉಪ್ಪಿನ ಋಣದ ಮಾತನ್ನು ಆಡುವವರು ಒಂದನ್ನು ಮರೆಯಬಾರದು. ಸಂಬಳವು ಉಣಿಸಿದ ಉಪ್ಪಲ್ಲ. ಕೊಂಡ ಶ್ರಮದ ಬೆಲೆ. ದುಡಿಸಿಕೊಂಡವನೂ ದುಡಿದವನ ಉಪ್ಪನ್ನು ಉಂಡಿದ್ದಾನೆ.

ಎರಡನೆಯ ವಾದವು ಗಟ್ಟಿಯಾದದ್ದು. ಇದಕ್ಕೆ ಪ್ರಾಚೀನ ಶಾಸ್ತ್ರದ ಬೆಂಬಲವೂ ಒಂದು ಮಟ್ಟಿಗೆ ಉಂಟು. ಮನುಸ್ಮೃತಿಯು ಎಣಿಸುವ ಹದಿನೆಂಟು ವಿವಾದಪದಗಳಲ್ಲಿ ‘ವೇತನಾದಾನ’ವೂ ಒಂದು. ಇದನ್ನು ವೇತನ, ಅದಾನ ಎಂದು ಬಿಡಿಸಬೇಕು. ದಾನವೆಂದು ಓದಿದರೆ ಅರ್ಥವೇ ತಲೆಕೆಳಗಾಗುತ್ತದೆ. ಕೊಡತಕ್ಕ ಕೂಲಿಯನ್ನು ಕೊಡದಿರುವುದೇ ಇಲ್ಲಿನ ವಿವಾದ. ಕೂಲಿಯ ಜಗಳವು ರಾಜಸಭೆಯ ವಿಚಾರಣೆಗೆ ತಕ್ಕದ್ದೆಂದು ನಮ್ಮ ಪೂರ್ವಿಕರು ಭಾವಿಸಿದ್ದರೆಂಬುದಕ್ಕೆ ಇಷ್ಟೇ ಸಾಕು. ಕೌಟಿಲ್ಯನ ಅರ್ಥಶಾಸ್ತ್ರವು ಕೂಲಿಯನ್ನು ಕೊಡದವನಿಗೆ ಅದರ ಹತ್ತನೆಯ ಒಂದು ಭಾಗ ಅಥವಾ ಆರು ಪಣಗಳ ದಂಡವನ್ನೂ, ಕೊಡಬೇಕಾದುದೇ ಇಲ್ಲವೆಂದು ಸುಳ್ಳಾಡುವವನಿಗೆ ಐದನೆಯ ಒಂದು ಭಾಗ ಅಥವಾ ಹನ್ನೆರಡು ಪಣಗಳ ದಂಡವನ್ನೂ ವಿಧಿಸುತ್ತದೆ. ತಡೆಯುವುದಕ್ಕಿಂತ ಅಲ್ಲಗಳೆಯುವುದು ದೊಡ್ಡ ತಪ್ಪೆಂಬ ವಿವೇಕವನ್ನು ಇಲ್ಲಿ ಗಮನಿಸಬೇಕು.

ಆದರೆ ಅದೇ ಸ್ಮೃತಿಗಳು ಕೆಲಸವನ್ನು ನಡುವೆ ಬಿಟ್ಟವನ ವಿಷಯದಲ್ಲಿ ಕಠಿನವಾಗಿವೆ. ಒಪ್ಪಿದ ಕೆಲಸವನ್ನು ಪೂರ್ತಿಮಾಡದವನಿಗೆ, ಸ್ವಲ್ಪವೇ ಉಳಿದಿದ್ದರೂ, ಕೂಲಿಯಿಲ್ಲವೆಂಬುದು ಮನುವಿನ ಮತ. ಕೂಲಿಯನ್ನು ಮುಂಚಿತವಾಗಿ ತೆಗೆದುಕೊಂಡು ಕೆಲಸ ಬಿಟ್ಟವನು ಇಮ್ಮಡಿಯಾಗಿ ತೆರಬೇಕೆಂಬುದು ಯಾಜ್ಞವಲ್ಕ್ಯನ ಮತ. ಈ ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಇದ್ದುದು ಕಲ್ಯಾಣದಲ್ಲಿ, ೧೦೭೬ರಿಂದ ೧೧೨೬ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಅನಂತರ ಶರಣರು ಕಾಯಕದ ಮಾತನ್ನಾಡಿದರು. ಒಂದೇ ಊರಿನಲ್ಲಿ ಕೂಲಿಯ ಪ್ರಶ್ನೆಯು ಎರಡು ಬಾರಿ ವಿಚಾರಕ್ಕೆ ಬಂದಿತೆಂಬುದು ನಾವು ನೆನೆಯತಕ್ಕ ಸಂಗತಿ.

ಸ್ಮೃತಿಕಾರರ ನಿಯಮದ ಹಿಂದಿನ ಲೋಕಸ್ಥಿತಿಯನ್ನು ಮೊದಲು ಅರಿಯಬೇಕು. ಕೆರೆಯ ಏರಿಯನ್ನು ಕಟ್ಟಲು ಒಪ್ಪಿದವನು ನಡುವೆ ಬಿಟ್ಟರೆ ಮಳೆಗಾಲದಲ್ಲಿ ಅರ್ಧ ಏರಿಯಿಂದ ಪ್ರಯೋಜನವಿಲ್ಲ. ಬೆಳೆಯ ಕೊಯ್ಲಿಗೆ ಒಪ್ಪಿದವನು ನಡುವೆ ಹೋದರೆ ಉಳಿದ ಪೈರು ಮಣ್ಣುಪಾಲು. ಅಲ್ಲಿ ಕೂಲಿಯು ಇಡಿಯಾದ ಒಂದು ಕಾರ್ಯಕ್ಕೆ ಗೊತ್ತಾದದ್ದು. ಇಂದಿನ ಮಾಸಿಕ ಸಂಬಳವಾದರೋ ಹಾಗಲ್ಲ. ತಿಂಗಳು ತುಂಬಿದೊಡನೆ ಆ ತಿಂಗಳ ಕೆಲಸವು ಪೂರ್ಣವಾಯಿತು. ದಿನ ಮುಗಿದೊಡನೆ ಆ ದಿನದ ಕೆಲಸವು ಪೂರ್ಣವಾಯಿತು. ಬಾಗಿಲು ಕಾದವನು ಮಂಗಳವಾರದ ರಾತ್ರಿ ಎಚ್ಚರವಾಗಿದ್ದನೆಂದರೆ ಆ ರಾತ್ರಿಯ ಕಾವಲು ಸಂಪೂರ್ಣ. ಅವನು ಗುರುವಾರ ಬಿಟ್ಟುಹೋದರೆ ಮಂಗಳವಾರದ ಕಾವಲು ಅಪೂರ್ಣವಾಗುವುದಿಲ್ಲ. ಆದುದರಿಂದ ಸ್ಮೃತಿಯ ನಿಯಮವನ್ನು ಮಾಸಿಕ ವೇತನಕ್ಕೆ ಹಚ್ಚುವುದು ದೃಷ್ಟಾಂತವನ್ನು ಅಸ್ಥಾನದಲ್ಲಿ ಬಳಸಿದಂತೆ.

ಇನ್ನು ಶರಣರು ಈ ವಿಚಾರವನ್ನು ಎಲ್ಲಿಗೆ ಒಯ್ದರೆಂಬುದನ್ನು ನೋಡೋಣ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯು ನಮ್ಮ ವಾಚಕರಿಗೆ ಚಿರಪರಿಚಿತ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನು ಆ ಹೆಚ್ಚಳವನ್ನು ಒಳಗಿಟ್ಟುಕೊಳ್ಳಲಿಲ್ಲ. ಅದನ್ನು ಇದ್ದೆಡೆಯಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಿರುಗಿಸಿದಳು. ನುಲಿಯ ಚಂದಯ್ಯನ ಕಥೆಯೂ ಇದೇ ಬಗೆಯದು. ಹಗ್ಗ ಹೊಸೆಯುವ ಅವನ ಕಾಯಕಕ್ಕೆ ನ್ಯಾಯವಾದ ಬೆಲೆಗಿಂತ ಹೆಚ್ಚಿನ ಹಣ ಬಂದಾಗ, ಅದು ಮಹಾಮನೆಯಿಂದಲೇ ಬಂದುದಾದರೂ, ಅವನು ಒಪ್ಪಲಿಲ್ಲ. ಹೊಸೆದ ಹಗ್ಗಕ್ಕೆ ಎಷ್ಟು ಬೆಲೆಯೋ ಅಷ್ಟೇ ಅವನಿಗೆ ಬೇಕಾದುದು.

ಈ ಕಥೆಗಳನ್ನು ನಾವು ಯಾವಾಗಲೂ ದುಡಿಯುವವನಿಗೆ ಉಪದೇಶಿಸಲು ಹೇಳುತ್ತೇವೆ: ಹೆಚ್ಚಿಗೆ ಆಸೆಪಡಬೇಡ, ನಿನ್ನ ಪಾಲಿನಷ್ಟರಲ್ಲಿ ತೃಪ್ತನಾಗು. ಅಹುದು, ಅದು ಒಂದು ಮುಖ. ಆದರೆ ಅಳತೆಯೆಂಬುದಕ್ಕೆ ಎರಡು ಮುಖಗಳುಂಟು. ಹಗ್ಗದ ಬೆಲೆಗಿಂತ ಒಂದು ಕಾಸು ಹೆಚ್ಚು ಪಡೆಯುವುದು ಅಶುದ್ಧವಾದರೆ, ಒಂದು ಕಾಸು ಕಡಿಮೆ ಕೊಡುವುದು ಶುದ್ಧವಾಗುವುದು ಹೇಗೆ? ಪಡೆಯುವ ಕೈಗೆ ವಿಧಿಸಿದ ನಿಷ್ಠೆಯು ಕೊಡುವ ಕೈಗೆ ಇನ್ನೂ ಹೆಚ್ಚಾಗಿ ಸಲ್ಲಬೇಕು. ಏಕೆಂದರೆ ತಡೆಯುವ ಶಕ್ತಿ ಇರುವುದು ಕೊಡುವ ಕೈಗೆ. ಚಂದಯ್ಯನು ಹೆಚ್ಚಿನ ಹಣವನ್ನು ಹಿಂದಿರುಗಿಸಬಲ್ಲವನಾದನು. ಕಡಿಮೆ ಹಣ ಬಂದಿದ್ದರೆ ಅವನು ಯಾವ ಬಾಗಿಲನ್ನು ತಟ್ಟಬೇಕಾಗಿತ್ತು? ದುಡಿದವನ ಶುದ್ಧಿಯು ಅವನ ಕೈಯಲ್ಲಿಯೇ ಇದೆ. ದುಡಿಸಿಕೊಂಡವನ ಶುದ್ಧಿಯು ಲೆಕ್ಕ ತೀರಿಸುವ ದಿನ ಪರೀಕ್ಷೆಗೆ ಬರುತ್ತದೆ. ಅದರಲ್ಲಿಯೂ ಹೊರಟುಹೋಗುವವನ ಲೆಕ್ಕದಲ್ಲಿ ಆ ಪರೀಕ್ಷೆ ತೀಕ್ಷ್ಣವಾಗುತ್ತದೆ. ನಾಳೆಯೂ ಕೆಲಸಕ್ಕೆ ಬರುವವನಿಗೆ ಕೊಡುವ ಸಂಬಳದಲ್ಲಿ ಸ್ವಾರ್ಥವೂ ಸೇರಿರಬಹುದು. ಇನ್ನು ಬಾರದವನಿಗೆ ಕೊಡುವುದರಲ್ಲಿ ಧರ್ಮವೊಂದೇ ಉಳಿಯುತ್ತದೆ.

ದಾಸೋಹದ ವಿಚಾರವೂ ಇಲ್ಲಿಗೆ ಸಂಬಂಧಿಸಿದೆ. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂಬುದು ಶರಣರ ಕ್ರಮ. ಅಕ್ಕಿಯು ಎಲ್ಲಿಂದ ಬಂದಿತೆಂದು ಲಕ್ಕಮ್ಮನು ಕೇಳಿದ ಮೇಲೆಯೇ ಒಲೆ ಹೊತ್ತಿತು. ಒಬ್ಬ ಯಜಮಾನನು ಜಾತ್ರೆಯ ದಿನ ಸಾವಿರ ಜನಕ್ಕೆ ಅನ್ನವಿಕ್ಕುತ್ತಾನೆಂದು ಭಾವಿಸೋಣ. ಅವನು ಬಿಟ್ಟುಹೋದ ಐವರು ನೌಕರರ ಕೊನೆಯ ತಿಂಗಳ ಸಂಬಳವನ್ನು ತಡೆದಿದ್ದರೆ, ಆ ಪಂಕ್ತಿಯಲ್ಲಿ ಬಡಿಸಿದ ಅನ್ನದ ಒಂದು ಪಾಲು ಆ ಐವರ ಮನೆಯ ಅನ್ನವಾಗಿರುತ್ತದೆ. ಅವನು ಹಂಚಿದ್ದು ತನ್ನದನ್ನಲ್ಲ. ಆದುದರಿಂದ ಕೂಲಿಯನ್ನು ತೀರಿಸುವುದು ದಾಸೋಹಕ್ಕಿಂತ ಮೊದಲು ಮಾಡತಕ್ಕ ಕರ್ತವ್ಯ. ಇತರ ಮತಗಳೂ ಇದನ್ನೇ ಸಾರುತ್ತವೆ. ಕೂಲಿಯವನ ಕೂಲಿಯು ರಾತ್ರಿ ಕಳೆಯುವವರೆಗೆ ಒಡೆಯನ ಬಳಿ ಉಳಿಯಬಾರದೆಂದು ಯೆಹೂದ್ಯರ, ಕ್ರೈಸ್ತರ ಧರ್ಮಗ್ರಂಥವು ವಿಧಿಸುತ್ತದೆ. ಬೆವರು ಆರುವ ಮೊದಲೇ ಕೂಲಿಯನ್ನು ಕೊಡಬೇಕೆಂಬ ಬೋಧೆಯು ಇಸ್ಲಾಮಿನ ಪರಂಪರೆಯಲ್ಲಿದೆ. ಹಲಸೂರು, ಶಿವಾಜಿನಗರಗಳಲ್ಲಿ ಮಂದಿರ, ಮಸೀದಿ, ಇಗರ್ಜಿಗಳು ನೆರೆಹೊರೆಯಾಗಿ ನಿಂತಿರುವಂತೆ ಈ ವಿಷಯದಲ್ಲಿ ಅವುಗಳ ಬೋಧೆಯೂ ಒಂದೆಡೆ ನಿಂತಿದೆ.

ಇನ್ನು ರಾಜಶಾಸನವು ಏನು ಹೇಳುತ್ತದೆಂಬುದನ್ನೂ ನಮ್ಮ ವಾಚಕರು ತಿಳಿದಿರುವುದು ಹಿತ. ೧೯೩೬ರ ವೇತನ ಪಾವತಿ ಅಧಿನಿಯಮವು, ಮಾಲೀಕನೇ ಕೆಲಸದಿಂದ ತೆಗೆದವನಿಗೆ ಎರಡನೆಯ ಕೆಲಸದ ದಿನ ಮುಗಿಯುವುದರೊಳಗೆ ವೇತನ ಕೊಡಬೇಕೆಂದು ಹೇಳಿತ್ತು. ತಾನಾಗಿಯೇ ರಾಜೀನಾಮೆ ಕೊಟ್ಟವನ ಹೆಸರನ್ನು ಆ ಮಾತಿನಲ್ಲಿ ಎತ್ತಿರಲಿಲ್ಲ. ಮೇಲಾಗಿ ಒಂದು ಮಿತಿಯನ್ನು ಮೀರಿದ ಸಂಬಳದವರಿಗೆ, ೨೦೧೭ರಿಂದ ಈಚೆಗೆ ತಿಂಗಳಿಗೆ ೨೪,೦೦೦ ರೂಪಾಯಿಗಳನ್ನು ಮೀರಿದವರಿಗೆ, ಆ ಅಧಿನಿಯಮವು ಅನ್ವಯಿಸುತ್ತಲೇ ಇರಲಿಲ್ಲ. ೨೦೧೯ರಲ್ಲಿ ಸಂಸತ್ತು ಅಂಗೀಕರಿಸಿದ ವೇತನ ಸಂಹಿತೆಯು ಈ ಕೊರತೆಯನ್ನು ತುಂಬಿತು. ಅದು ೨೦೨೫ನೆಯ ನವೆಂಬರ್ ೨೧ರಂದು ಜಾರಿಗೆ ಬಂದಿತು. ಅದರ ೧೭ನೆಯ ಪ್ರಕರಣದ ಪ್ರಕಾರ, ತೆಗೆದುಹಾಕಲ್ಪಟ್ಟವನಾಗಲಿ, ರಾಜೀನಾಮೆ ಕೊಟ್ಟವನಾಗಲಿ, ಸಂಸ್ಥೆಯು ಮುಚ್ಚಿದ್ದರಿಂದ ಕೆಲಸ ಕಳೆದುಕೊಂಡವನಾಗಲಿ, ಅವನಿಗೆ ಸಲ್ಲತಕ್ಕ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಕೊಡಬೇಕು. ಯುಕ್ತವೆಂದು ತೋರಿದಲ್ಲಿ ಬೇರೆ ಅವಧಿಯನ್ನು ಗೊತ್ತುಪಡಿಸುವ ಅಧಿಕಾರವು ಸರ್ಕಾರಕ್ಕಿದೆ. ಮಾಲೀಕನ ಇಷ್ಟಕ್ಕೆ ಅದನ್ನು ಬಿಟ್ಟಿಲ್ಲ. ಬಾಕಿಯ ಬಗ್ಗೆ ಮೂರು ವರ್ಷಗಳೊಳಗೆ ಅಧಿಕಾರಿಯ ಮುಂದೆ ಅರ್ಜಿ ಸಲ್ಲಿಸಬಹುದು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರವನ್ನು ಕೊಡಿಸುವ ಅಧಿಕಾರವೂ ಅವನಿಗೆ ಉಂಟು. ಹಣವನ್ನು ಕೊಟ್ಟಿದ್ದೇವೆಂದು ರುಜುವಾತುಪಡಿಸುವ ಹೊಣೆಯು ಮಾಲೀಕನದು. ಈ ಕೊನೆಯ ಅಂಶವು ನೀತಿಯ ದೃಷ್ಟಿಯಿಂದಲೂ ಉಚಿತವಾದುದು. ಲೆಕ್ಕದ ಪುಸ್ತಕವಿರುವುದು ಅವನ ಕೈಯಲ್ಲಿ ತಾನೆ?

ಐದು ವರ್ಷ ಎಡೆಬಿಡದೆ ದುಡಿದು ರಾಜೀನಾಮೆ ಕೊಟ್ಟವನಿಗೆ ಉಪದಾನ, ಎಂದರೆ ಗ್ರಾಚ್ಯುಟಿಯೂ, ಸಲ್ಲತಕ್ಕದ್ದು. ಅದರ ಲೆಕ್ಕ ಸುಲಭ. ಕಾನೂನಿನ ಅರ್ಥದಲ್ಲಿ ಕೊನೆಯ ತಿಂಗಳ ವೇತನವೆನಿಸುವುದನ್ನು ೨೬ರಿಂದ ಭಾಗಿಸಿ, ೧೫ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಬೇಕು. ತಿಂಗಳಿಗೆ ೨೬,೦೦೦ ರೂಪಾಯಿಗಳ ಲೆಕ್ಕದಲ್ಲಿ ಹತ್ತು ವರ್ಷ ದುಡಿದವನಿಗೆ ೧,೫೦,೦೦೦ ರೂಪಾಯಿ ಬರುತ್ತದೆ. ಇದನ್ನು ಮೂವತ್ತು ದಿನಗಳೊಳಗೆ ಕೊಡಬೇಕು. ಇದು ಯಜಮಾನನು ಮೆಚ್ಚಿ ಕೊಡುವ ಉಡುಗೊರೆಯಲ್ಲ. ನಿವೃತ್ತಿವೇತನವೂ ಉಪದಾನವೂ ನೌಕರನು ಸಂಪಾದಿಸಿದ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿ ಜಾರ್ಖಂಡ್ ರಾಜ್ಯದ ಮೊಕದ್ದಮೆಯೊಂದರಲ್ಲಿ ಸ್ಪಷ್ಟವಾಗಿ ನಿರ್ಣಯಿಸಿತು. ಕಾಯಕದ ಫಲವು ಕಾಯಕ ಮಾಡಿದವನ ಸ್ವತ್ತೆಂಬ ಭಾವವೇ ಇಲ್ಲಿ ನ್ಯಾಯಾಲಯದ ಭಾಷೆಯಲ್ಲಿ ಬಂದಿದೆ.

ಇಷ್ಟನ್ನು ಹೇಳಿದ ಮೇಲೆ ಬಿಟ್ಟುಹೋಗುವವನ ಧರ್ಮವನ್ನೂ ಹೇಳದಿದ್ದರೆ ಪಕ್ಷಪಾತವಾಗುತ್ತದೆ. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರವನ್ನು ಬರಿದುಮಾಡಿದರೆಂಬ ದೂರು ಬಂದಾಗ ಲೆಕ್ಕವನ್ನು ಒಪ್ಪಿಸಿದರೆಂದೂ, ಒಂದು ಹಣವೂ ಕಡಿಮೆ ಕಾಣಲಿಲ್ಲವೆಂದೂ ನಮ್ಮ ಪುರಾಣಪರಂಪರೆಯು ಹೇಳುತ್ತದೆ. ಕೆಲಸವನ್ನು ಬಿಡುವವನಿಗೆ ಇದಕ್ಕಿಂತ ಉತ್ತಮ ಮೇಲ್ಪಂಕ್ತಿ ಬೇಕಿಲ್ಲ. ಮುನ್ಸೂಚನೆ ಕೊಡದೆ ಒಂದು ಬೆಳಗ್ಗೆ ಮಾಯವಾಗುವುದು, ಕೀಲಿಕೈ, ಕಡತ, ಯಂತ್ರಗಳನ್ನು ಒಪ್ಪಿಸದೆ ಹೋಗುವುದು, ಸಂಸ್ಥೆಯ ಗುಟ್ಟನ್ನು ಹೊಸ ಮನೆಗೆ ಕಾಣಿಕೆಯಾಗಿ ಒಯ್ಯುವುದು ಇವೆಲ್ಲ ಕಾಯಕದ್ರೋಹ. ಮಾತು ಕೊಟ್ಟಿದ್ದರೆ ಅದಕ್ಕೂ ಬದ್ಧನಾಗಬೇಕು. ಬೆಂಗಳೂರಿನಲ್ಲಿ ಪ್ರಧಾನ ಕಚೇರಿಯಿದ್ದ ವಿಜಯಾ ಬ್ಯಾಂಕಿನಲ್ಲಿ ೨೦೦೭ರಲ್ಲಿ ಹಿರಿಯ ಹುದ್ದೆಗೆ ನೇಮಕವಾದ ಅಧಿಕಾರಿಯೊಬ್ಬರು, ಮೂರು ವರ್ಷ ತುಂಬುವ ಮೊದಲು ಬಿಟ್ಟರೆ ಎರಡು ಲಕ್ಷ ರೂಪಾಯಿ ತೆರುವೆನೆಂದು ಒಪ್ಪಿ, ೨೦೦೯ರಲ್ಲಿ ಬಿಟ್ಟರು. ಹಣವನ್ನು ಪ್ರತಿಭಟನೆಯೊಡನೆ ಕಟ್ಟಿ ನ್ಯಾಯಾಲಯಕ್ಕೆ ಹೋದರು. ಕರ್ನಾಟಕದ ಉಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪಿತ್ತಿತು. ಸರ್ವೋಚ್ಚ ನ್ಯಾಯಾಲಯವು ೨೦೨೫ರ ಮೇ ತಿಂಗಳಿನಲ್ಲಿ ಅದನ್ನು ತಳ್ಳಿಹಾಕಿ, ಆ ಕರಾರು ಕಾನೂನಿಗೆ ವಿರುದ್ಧವಲ್ಲವೆಂದು ಹೇಳಿತು.

ಈ ತೀರ್ಪನ್ನು ಕೆಲವರು ಅಪಾರ್ಥ ಮಾಡಿಕೊಳ್ಳಬಹುದು. ಅಲ್ಲಿ ವಿವಾದವಿದ್ದುದು ಬರೆದು ಒಪ್ಪಿದ ಹಣದ ಬಗ್ಗೆ. ದುಡಿದ ದಿನಗಳ ಸಂಬಳದ ಬಗ್ಗೆ ಅಲ್ಲ. ಎರಡನೆಯ ವಾದಕ್ಕೆ ಇದೇ ಸಮಾಧಾನ. ಬಿಟ್ಟುಹೋದವನಿಂದ ನಿಜವಾಗಿಯೂ ನಷ್ಟವಾಗಿದ್ದರೆ ಅದು ಬೇರೊಂದು ಲೆಕ್ಕ. ಅದನ್ನು ಬರಹದಲ್ಲಿ ತೋರಿಸಬೇಕು, ಅವನ ಉತ್ತರವನ್ನು ಕೇಳಬೇಕು, ಕಾನೂನು ಒಪ್ಪುವಷ್ಟನ್ನೇ ಕಳೆಯಬೇಕು. ಅವನ ಸಂಬಳವೆಲ್ಲವನ್ನೂ ಹಿಡಿದಿಟ್ಟುಕೊಂಡು, ನಷ್ಟವೆಷ್ಟೆಂದು ತಾನೇ ನಿರ್ಣಯಿಸಿ, ತಾನೇ ವಸೂಲುಮಾಡಿಕೊಳ್ಳುವವನು ವಾದಿಯೂ ನ್ಯಾಯಾಧೀಶನೂ ಒಬ್ಬನೇ ಆಗುತ್ತಾನೆ. ಅದು ನ್ಯಾಯಕ್ಕೆ ಒಪ್ಪುವಂತಹುದಲ್ಲ. ಅನುಭವಪತ್ರವನ್ನೂ ಮೂಲ ಪ್ರಮಾಣಪತ್ರಗಳನ್ನೂ ತಡೆಯುವುದು ಇನ್ನೂ ಹೀನ. ಒಬ್ಬನು ಇಷ್ಟು ಕಾಲ ಇಲ್ಲಿ ದುಡಿದನೆಂಬುದು ನಡೆದ ಸತ್ಯ. ಸತ್ಯಕ್ಕೆ ಸಾಕ್ಷಿ ನುಡಿಯಲು ಬೆಲೆ ಕೇಳುವುದು ಶರಣರ ನಾಡಿನಲ್ಲಿ ಸಲ್ಲದು.

ಮೂರನೆಯ ವಾದವನ್ನು ಅನುಕಂಪದಿಂದ ನೋಡಬೇಕಾಗುತ್ತದೆ. ಹತ್ತು ಜನರನ್ನು ಇಟ್ಟುಕೊಂಡ ಸಣ್ಣ ಅಂಗಡಿಯವನಿಗೆ ಬರಬೇಕಾದ ಹಣ ನಿಂತಾಗ ಆಗುವ ಸಂಕಟವು ನಿಜವಾದುದು. ಆದರೂ ಅವನು ಮಾಡಬಹುದಾದದ್ದು ಒಂದಿದೆ. ಬಿಟ್ಟುಹೋದವನನ್ನು ಕರೆದು ಕೂರಿಸಿ, ಲೆಕ್ಕವನ್ನು ತೋರಿಸಿ, ಇಷ್ಟು ಬಾಕಿ ಎಂದು ಬರೆದುಕೊಟ್ಟು, ಕೈಲಾದಷ್ಟನ್ನು ಆಗಲೇ ಕೊಟ್ಟು, ಉಳಿದುದಕ್ಕೆ ದಿನವನ್ನು ಹೇಳಲಿ. ಕಾನೂನಿನ ಹೊಣೆಯು ಇದರಿಂದ ತೀರುವುದಿಲ್ಲ. ಆದರೆ ಮನುಷ್ಯತ್ವ ಉಳಿಯುತ್ತದೆ. ಬಡತನವು ಅಪರಾಧವಲ್ಲ. ಕೊಡಬೇಕಾದವನು ಬಚ್ಚಿಟ್ಟುಕೊಳ್ಳುವುದು ಅಪರಾಧ.

ನಾಲ್ಕನೆಯ ವಾದವು ಅತ್ಯಂತ ಸೂಕ್ಷ್ಮ. ಏಕೆಂದರೆ ಅದು ನಮ್ಮ ಮಾತನ್ನೇ ನಮಗೆ ವಿರುದ್ಧವಾಗಿ ಬಳಸುತ್ತದೆ. ಆಸೆಯನ್ನು ಬಿಡು ಎಂದು ದುಡಿದವನಿಗೆ ಹೇಳುವವರು ಯಾರು? ಅವನ ಹಣವನ್ನು ಇಟ್ಟುಕೊಂಡವರೇ ಹಾಗೆ ಹೇಳಿದರೆ ಅದು ಉಪದೇಶವಾಗದು, ಉಪಾಯವಾದೀತು. ಲಕ್ಕಮ್ಮನು ಬೇಡವೆಂದದ್ದು ಹೆಚ್ಚಳವನ್ನು. ಅಂದಿನ ಪಾಲನ್ನು ಅವಳು ಬೇಡವೆನ್ನಲಿಲ್ಲ. ತನಗೆ ಸಲ್ಲತಕ್ಕದ್ದನ್ನು ಕೇಳುವುದು ಆಸೆಯಲ್ಲ, ಲೆಕ್ಕವನ್ನು ನೇರಮಾಡುವುದು. ಕ್ಷಮಿಸಿ ಬಿಟ್ಟುಕೊಡುವ ಸ್ವಾತಂತ್ರ್ಯವು ಅವನಿಗೆ ಉಂಟು. ಆದರೆ ಅದು ಅವನು ಕೊಡತಕ್ಕ ದಾನ, ಮಾಲೀಕನು ಕಿತ್ತುಕೊಳ್ಳತಕ್ಕದ್ದಲ್ಲ. ಮೇಲಾಗಿ ಅವನು ಸುಮ್ಮನಾದರೆ ಅವನ ಹಿಂದೆ ಬರುವ, ಅವನಿಗಿಂತ ಅಸಹಾಯನಾದ ಮತ್ತೊಬ್ಬನಿಗೂ ಅದೇ ಗತಿ. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಮೆಟ್ಟಿಲನ್ನು ಹತ್ತುವವನು ಜಗಳಗಂಟನೆಂದು ನಾವು ಹೀಗಳೆಯಬಾರದು.

ಕೊನೆಯದಾಗಿ ನಮ್ಮ ಮನೆಯ ಕಡೆಗೂ ದೃಷ್ಟಿ ಹಾಯಿಸೋಣ. ಮಠಮಾನ್ಯಗಳೂ ಧರ್ಮಸಂಸ್ಥೆಗಳೂ ನಡೆಸುವ ಶಾಲೆ, ಕಾಲೇಜು, ವಿದ್ಯಾರ್ಥಿನಿಲಯ, ಆಸ್ಪತ್ರೆಗಳಲ್ಲಿ ಸಹಸ್ರಾರು ಜನ ದುಡಿಯುತ್ತಾರೆ. ‘ಸೇವೆ’ ಎಂಬ ಪವಿತ್ರವಾದ ಪದವು ಇಂತಹ ಕಡೆಗಳಲ್ಲಿ ಕೆಲವೊಮ್ಮೆ ತೆರೆಯಾಗಿಬಿಡುವ ಅಪಾಯವಿದೆ. ಸೇವೆ ಮಾಡಿದವನು ಕೂಲಿ ಕೇಳಬಾರದೆಂಬ ಭಾವನೆ ಬೆಳೆದರೆ, ಬಿಟ್ಟುಹೋದ ಅಧ್ಯಾಪಕನ ಬಾಕಿಯು ಕಡತದಲ್ಲಿಯೇ ಮಲಗುತ್ತದೆ. ಅಧ್ಯಾಪಕರು ಉಪದಾನದ ಅಧಿನಿಯಮದ ಅರ್ಥದಲ್ಲಿ ನೌಕರರಲ್ಲವೆಂದು ೨೦೦೪ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಬೇಕಾಗಿ ಬಂದಿತ್ತು. ಆಗಿನ ಶಾಸನದ ಶಬ್ದಗಳು ಹಾಗಿದ್ದುವು. ಸಂಸತ್ತು ೨೦೦೯ರಲ್ಲಿ ಅದನ್ನು ತಿದ್ದಿ, ೧೯೯೭ರ ಏಪ್ರಿಲ್ ೩ರಿಂದ ಅನ್ವಯಿಸುವಂತೆ ಅಧ್ಯಾಪಕರನ್ನೂ ಸೇರಿಸಿತು. ಖಾಸಗಿ ಶಾಲೆಗಳು ಈ ತಿದ್ದುಪಡಿಯನ್ನು ಪ್ರಶ್ನಿಸಿದುವು. ೨೦೨೨ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅಕ್ಷರ ಕಲಿಸಿದವನಿಗೆ ಇಷ್ಟನ್ನು ಕೊಡಲು ಇಷ್ಟು ವರ್ಷಗಳ ವ್ಯಾಜ್ಯ ಬೇಕಾಯಿತು. ಕಾನೂನು ಬಂದು ಬಾಗಿಲು ತಟ್ಟುವವರೆಗೆ ಕಾಯುವುದು ಲೌಕಿಕ ಸಂಸ್ಥೆಗಳ ರೀತಿಯಾದರೆ ಆಗಲಿ. ಕಾಯಕವನ್ನು ಬೋಧಿಸುವ ಸಂಸ್ಥೆಗಳು ಕಾನೂನಿಗಿಂತ ಒಂದು ಹೆಜ್ಜೆ ಮುಂದಿರಬೇಕು. ವಚನಗಳನ್ನು ಗೋಡೆಯ ಮೇಲೆ ಬರೆಸಿದ ಕಚೇರಿಯಲ್ಲಿ ಬಿ��್ಟುಹೋದವನ ಬಾಕಿಯ ಕಡತವು ಧೂಳು ತಿನ್ನುತ್ತಿದ್ದರೆ ಆ ಗೋಡೆಯೇ ನಮ್ಮನ್ನು ಪ್ರಶ್ನಿಸುತ್ತದೆ.

ಆದುದರಿಂದ ನಿರ್ಣಯವಿಷ್ಟು. ದುಡಿದ ದಿನದ ಕೂಲಿಯು ದುಡಿದವನದು. ಅವನು ಉಳಿದರೂ ಅವನದು, ಹೋದರೂ ಅವನದು. ಮಾಲೀಕನು ಅದನ್ನು ಕೆಲಕಾಲ ಕಾಯ್ದಿಟ್ಟವನು ಮಾತ್ರ. ಹೋಗುವವನು ಕೆಲಸವನ್ನು ಶುದ್ಧವಾಗಿ ಒಪ್ಪಿಸಲಿ; ಇರುವವನು ಲೆಕ್ಕವನ್ನು ಶುದ್ಧವಾಗಿ ತೀರಿಸಲಿ. ನಮ್ಮಲ್ಲಿ ಅಂಗಡಿ, ಕಾರ್ಖಾನೆ, ತೋಟ, ಶಾಲೆಗಳನ್ನು ನಡೆಸುವ ಬಂಧುಗಳು ಅನೇಕರಿದ್ದಾರೆ. ಮನೆಗೆಲಸಕ್ಕೆ ಒಬ್ಬರನ್ನು ಇಟ್ಟುಕೊಂಡವರಂತೂ ಬಹು ಮಂದಿ. ಅವರೆಲ್ಲರೂ ತಮ್ಮ ಪುಸ್ತಕವನ್ನು ಒಮ್ಮೆ ತೆರೆದು, ಬಿಟ್ಟುಹೋದವರ ಹೆಸರಿನ ಮುಂದೆ ಬಾಕಿ ಏನಾದರೂ ಉಳಿದಿದೆಯೇ ಎಂದು ನೋಡಲಿ. ಉಳಿದಿದ್ದರೆ ಈ ವಾರದೊಳಗೆ ಅದನ್ನು ಕಳುಹಿಸಲಿ. ಲಿಂಗಪೂಜೆಗೆ ಕುಳಿತುಕೊಳ್ಳುವ ಮುನ್ನ ತೀರಿಸತಕ್ಕ ಋಣವಿದು.